ಹೊಂಬಾಳಮ್ಮ ಇಳಿಸದ ಸಿಗ್ನಲ್

ಗಂಡ ತೀರಿಕೊಂಡ ಮೇಲೆ ಹೊಂಬಾಳಮ್ಮ ಮದ್ದೂರಿನ ಆಚೆಯ ಸಣ್ಣ ಸ್ಟೇಷನ್ನಿನಲ್ಲಿ ಅವನ ಕೆಲಸಕ್ಕೇ ಸೇರಿದಳು. ಲಿವರ್ ಎಳೆದರೆ ದೂರದ ಕಂಬದ ಮೇಲಿನ ಸಿಗ್ನಲ್ ಕೈ ಇಳಿದು ರೈಲಿಗೆ ದಾರಿ ಸಿಗುತ್ತಿತ್ತು. ಹೆಂಗಸಿಗೆ ಅದು ಬಗ್ಗದು ಎಂದವರ ಎದುರೇ ಎಳೆದು ತೋರಿಸಿದ್ದಳು.

ಒಂದು ಮಧ್ಯಾಹ್ನ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ರೈಲು ಪಕ್ಕದ ಹಳಿಗೆ ಸರಿದು ನಿಂತಿತು. ಅದರ ಕೊನೆಯ ಡಬ್ಬಿ ಮಾತ್ರ ಮುಖ್ಯ ಹಳಿಗೆ ತೀರಾ ಹತ್ತಿರ ಉಳಿದಿತ್ತು. ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾದು ಎಕ್ಸ್‌ಪ್ರೆಸ್ ಕೂಗುತ್ತಿತ್ತು. ಸ್ಟೇಷನ್ ಮಾಸ್ತರರು ಸಿಗ್ನಲ್ ಕೊಡಲು ಹೇಳಿದರು.

"ಗೂಡ್ಸ್ ಬಾಲ ಇನ್ನೂ ಒಳೀಕೆ ಬಂದಿಲ್ಲ ಸಾ. ನಾ ಇಳ್ಸಾಕಿಲ್ಲ."

"ನಿನ್ ಕೆಲ್ಸ ಓಯ್ತದೆ ಕಣಮ್ಮ!"

"ಓಗ್ಲಿ ಬುಡಿ. ರೈಲ್ನಾಗಿರೋ ಜನದ್ ಜೀವ ಓಗ್ಬಾರ್ದು."

ಲಿವರಿಗೆ ಅಡ್ಡಲಾಗಿ ನಿಂತುಬಿಟ್ಟಳು. ಕೊನೆಗೆ ಮಾಸ್ತರರೇ ಓಡಿಹೋಗಿ ಡ್ರೈವರನಿಗೆ ಹೇಳಿ ಗೂಡ್ಸನ್ನು ಮುಂದಕ್ಕೆ ಸರಿಸಿದರು. ಬಾಲ ಒಳಗೆ ಬಂತೆಂದು ಗೂಡ್ಸಿನ ಗಾರ್ಡ್ ಹಸಿರು ಬಾವುಟ ಬೀಸಿದ ಮೇಲಷ್ಟೇ ಅವಳು ಸಿಗ್ನಲ್ ಇಳಿಸಿದಳು.

ಮಾರನೆಯ ದಿನ ಮೇಲಧಿಕಾರಿಗಳು ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದರು. ಅವಳು ಬರೆದಳು: "ರೈಲು ತಡ ಮಾಡಿದ್ದು ನಾನೇ. ಮತ್ತೆ ಹಾಗಾದರೆ ಮತ್ತೆ ತಡ ಮಾಡುತ್ತೇನೆ." ಕೆಲಸ ಉಳಿಯಿತು, ಬಡ್ತಿ ಬರಲಿಲ್ಲ.

ಈಗ ದೀಪದ ಸಿಗ್ನಲ್‌ಗಳು ಬಂದಿವೆ. ನಿವೃತ್ತಿಯ ನಂತರ ಗುತ್ತಲು ಊರಿನ ಮನೆಯಲ್ಲಿ ಅವಳು ಇದನ್ನು ಹೇಳಿದಾಗ ಸೊಸೆ ಅರ್ಪಿತ, "ತಪ್ಪಾಯ್ತು ಅಂತ ಒಂದು ಮಾತು ಬರ್ದಿದ್ರೆ ಆಗ್ತಿತ್ತಲ್ಲತ್ತೆ?" ಎಂದಳು.

"ಮಾಡ್ದೆ ಇರೋ ತಪ್ಪ ಯಾಕವ್ವಾ ಒಪ್ಕೊಳ್ಲಿ?" ಎಂದಳು ಹೊಂಬಾಳಮ್ಮ.