ಅಳತೆ ಕೊಡಲೊಲ್ಲದ ಟಿವಿ

ಅಂಕೋಲೆಯ ನಮ್ಮ ಮನೆಯ ಜಗಲಿಯಲ್ಲೇ ಅಕ್ಕನ ಹೊಲಿಗೆ ಅಂಗಡಿ. ಗಿರಾಕಿಗಳ ಬ್ಲೌಸಿನ ಅಳತೆ ಕೂಡಿಡಲು ನಾನೊಂದು ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಡೇಟಾಬೇಸ್ ಇದ್ದದ್ದು ಒಳಕೋಣೆಯಲ್ಲಿ, ಪರದೆ ಕೆಟ್ಟು ಬರೀ ಡಬ್ಬ ಉಳಿದಿದ್ದ ಹಳೆ ಕಂಪ್ಯೂಟರಿನಲ್ಲಿ. ಜಗಲಿಯ ಲ್ಯಾಪ್‌ಟಾಪು ವೈಫೈ ಮೂಲಕ ಅದನ್ನು ಕೇಳಿ ಅಳತೆ ತೋರಿಸಬೇಕು. ಒಮ್ಮೆ ಅಳತೆ ಕೊಟ್ಟವರನ್ನು ಮತ್ತೆ ಕರೆಯುವುದಿಲ್ಲ ಎಂಬುದು ಅಕ್ಕನ ಜಂಬ. ಅದಕ್ಕೆ ಕುಮ್ಮಕ್ಕು ನನ್ನದೇ.

ಮೇ ತಿಂಗಳ ಒಂದು ಸಂಜೆ ಗುಡುಗಿತು. ಗುಡುಗು ಇನ್ನೂ ಕಾರವಾರದಲ್ಲಿರುವಾಗಲೇ ನಮ್ಮ ಆಯಿ, ಅಂದರೆ ಅಮ್ಮ, ಅಂಕೋಲೆಯ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವವಳು. ಮಳೆ ನಿಂತ ಮೇಲೆ ಎಲ್ಲವನ್ನೂ ಮತ್ತೆ ಸಿಕ್ಕಿಸಿದಳು. ಆಗ ಜಗಲಿಯಿಂದ ಅಕ್ಕನ ಕೂಗು.

"ಏ ತಮಾ, ಮದುಮಗಳ ಅಳತೆ ಕೇಳಿದ್ರೆ ನಿನ್ನ ಪ್ರೋಗ್ರಾಮು 'ಸಂಪರ್ಕ ನಿರಾಕರಿಸಲಾಗಿದೆ' ಹೇಳ್ತದೆ. ನಾ ಎಂತ ಗೋಣಿಚೀಲ ಹೊಲ್ದು ಕಳ್ಸೂದಾ?"

ಮದುಮಗಳು ಹಿಲ್ಲೂರಿನವಳು. ಅವಳ ಮನೆಯ ಹತ್ತಿರ ಫೋನಿಗೆ ಸಿಗ್ನಲ್ ಇಲ್ಲ. ಬ್ಲೌಸು ಬೆಳಗಿನ ಬಸ್ಸಿಗೆ ಹೋಗಲೇಬೇಕು. ಪೋರ್ಟ್ ನೋಡಿದೆ, ಪಾಸ್‌ವರ್ಡ್ ಮತ್ತೆ ಹೊಡೆದೆ, ಲ್ಯಾಪ್‌ಟಾಪಿನ ಫೈರ್‌ವಾಲ್ ಆರಿಸಿದೆ. ಡೇಟಾಬೇಸಿನ ವಿಳಾಸಕ್ಕೆ 'ಇದ್ದೀಯಾ' ಎಂದು ಕೇಳುವ ಪಿಂಗ್ ಕಳಿಸಿದರೆ ಉತ್ತರವೇನೋ ಚಕಚಕನೆ ಬರುತ್ತಿತ್ತು. ಯಂತ್ರ ಅಲ್ಲೇ ಇದೆ, ಅಳತೆ ಮಾತ್ರ ಒಲ್ಲೆ ಎನ್ನುತ್ತದೆ! ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಸೀರಿಯಲ್ ಮುಗಿದು ಆಯಿ ಟಿವಿಯ ಗೋಡೆಯ ಸ್ವಿಚ್ ಆರಿಸಿದಳು. ಆ ಕ್ಷಣವೇ ಪಿಂಗಿನ ಉತ್ತರವೂ ನಿಂತಿತು.

"ಆಯೀ, ಟಿವಿ ಹಾಕು!"

ಮಗ ಹುಟ್ಟಿದಾಗಿನಿಂದ ಇಂಥ ಮಾತು ಕೇಳದ ಆಯಿ ಖುಷಿಯಲ್ಲೇ ಹಾಕಿದಳು. ಉತ್ತರ ಮತ್ತೆ ಶುರು.

ಆದದ್ದು ಇಷ್ಟೆ. ಪ್ಲಗ್ ಮತ್ತೆ ಸಿಕ್ಕಿಸುವಾಗ ಯಾವತ್ತೂ ಒಳಗಿನ ಕಂಪ್ಯೂಟರಿಗೆ ಮೊದಲ ಸರದಿ; ಅಂದು ಸೀರಿಯಲ್ಲಿಗೆ ಹೊತ್ತಾಯಿತೆಂದು ಆಯಿ ಟಿವಿಯನ್ನೇ ಮೊದಲು ಹಾಕಿದ್ದಳು. ನಮ್ಮ ವೈಫೈ ರೂಟರ್ ಟಿವಿಯೂ ಸೇರಿ ಬಂದವರಿಗೆ ಬಂದ ಸರದಿಯಲ್ಲಿ ಅಂಕಿಗಳ ವಿಳಾಸ ಹಂಚುವಂಥದ್ದು. ಕಂಪ್ಯೂಟರಿನ ವಿಳಾಸ ಟಿವಿಯ ಪಾಲಾಯಿತು. ನಾನೋ ಆ ಅಂಕಿಗಳನ್ನೇ ಪ್ರೋಗ್ರಾಮಿನಲ್ಲಿ ಬರೆದು ನಿಶ್ಚಿಂತನಾಗಿದ್ದೆ. ಅಷ್ಟು ಹೊತ್ತೂ ನನ್ನ ಪ್ರೋಗ್ರಾಮು ಮದುಮಗಳ ಎದೆಸುತ್ತಳತೆಯನ್ನು ಟಿವಿಯ ಹತ್ತಿರ ಕೇಳುತ್ತಿತ್ತು. ಟಿವಿ ಒಲ್ಲೆ ಎಂದದ್ದು ಅದರ ಮರ್ಯಾದೆ.

ಅಂಕಿ ಅಳಿಸಿ, ಸರದಿ ತಪ್ಪಿದರೂ ಬದಲಾಗದ ಕಂಪ್ಯೂಟರಿನ ಹೆಸರು ಬರೆದೆ. ಅಳತೆ ಬಂತು. ಅಕ್ಕ ಕತ್ತರಿ ಎತ್ತಿಕೊಂಡಳು. ಬ್ಲೌಸು ಬೆಳಗಿನ ಬಸ್ಸು ಹತ್ತಿತು.

ಆಯಿಯ ಮುಖ ಮಾತ್ರ ಸಪ್ಪಗಾಗಿತ್ತು. "ನಾ ಟಿವಿ ಹಾಕಿದ್ಕೆ ಆ ಹುಡ್ಗಿ ಪೋಲ್ಕ ತಪ್ತಿತ್ತಲಾ," ಎಂದಳು.

ಅಂದಿನಿಂದ ಗುಡುಗು ನಿಂತಾಗಲೆಲ್ಲ ಆಯಿ ಟಿವಿಯ ಪ್ಲಗ್ ಕೈಯಲ್ಲೇ ಹಿಡಿದು ನಿಲ್ಲುತ್ತಾಳೆ. ಸೀರಿಯಲ್ ಶುರುವಾಗಿ ಹೋದರೂ ಹಾಕುವುದಿಲ್ಲ. "ತಮಾ, ನಿಂದು ಬಂತನಾ?" ಎಂದು ಕೇಳುತ್ತಾಳೆ. ಈಗ ಯಾವುದನ್ನು ಮೊದಲು ಹಾಕಿದರೂ ನಡೆಯುತ್ತದೆಂದು ನಾನು ಹೇಳಿಲ್ಲ. ನನ್ನ ಕೆಲಸದ ಬಗ್ಗೆ ಆಯಿ ಕೇಳುವುದು ಆಗ ಮಾತ್ರ, ಮತ್ತು ಅದು ನನಗೆ ಬಹಳ ಇಷ್ಟ.

"ಬಂತು ಆಯಿ," ಎನ್ನುತ್ತೇನೆ, "ಈಗ ಹಾಕು."