ಧಾರೆಯ ಹೊತ್ತಿನ ಶ್ರುತಿ

ನಮ್ಮಪ್ಪ ವಾಲಗದಲ್ಲಿ ಶ್ರುತಿ ಊದುತ್ತಿದ್ದರು. ನಾಗಸ್ವರದವರ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ, ಅಂಥದ್ದೇ ಉದ್ದನೆಯ ವಾದ್ಯ ಹಿಡಿದು ಒಬ್ಬರು ಇರುತ್ತಾರಲ್ಲ, ಅವರು. ಆ ವಾದ್ಯದ ತೂತುಗಳನ್ನು ಮೇಣದಿಂದ ಮುಚ್ಚಿರುತ್ತಾರೆ. ಬರುವುದು ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಮೂಗಿನಲ್ಲಿ ಉಸಿರೆಳೆದುಕೊಂಡು, ಆ ಒಂದು ಸ್ವರ ಎಲ್ಲಿಯೂ ಕಡಿಯದಂತೆ ಹಿಡಿದಿರಬೇಕು. ಮದುವೆಗೆ ಬಂದವರು ನಾಗಸ್ವರದವರನ್ನು ನೋಡುತ್ತಾರೆ, ಡೋಲಿನವರನ್ನು ನೋಡುತ್ತಾರೆ, ಶ್ರುತಿಯವರ ಕಡೆ ಯಾರೂ ತಿರುಗುವುದಿಲ್ಲ. ಅಪ್ಪನಿಗೆ ಅದರಿಂದ ಏನೂ ಬೇಸರವಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಾನು ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಸಂಜೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಹಳೆಯದೊಂದು ಸ್ಯಾಂಪ್ಲರ್ ನನ್ನ ಕೈಗೆ ಬಂತು. ಮೈಕಿನಲ್ಲಿ ಯಾವ ಸದ್ದನ್ನು ಕೊಟ್ಟರೂ ಹಿಡಿದಿಟ್ಟುಕೊಂಡು, ಕೀ ಒತ್ತಿದಾಗ ತಿರುಗಿ ಕೊಡುವ ಪೆಟ್ಟಿಗೆ ಅದು. ಕೆಲವು ಸೆಕೆಂಡಿನ ಸದ್ದಿಗೇ ಅದರ ಹೊಟ್ಟೆ ತುಂಬಿಬಿಡುತ್ತಿತ್ತು. ಆದರೆ ಆ ಚೂರಿನ ಕೊನೆಯನ್ನು ಮೊದಲಿಗೆ ಸೇರಿಸಿಬಿಟ್ಟರೆ, ಬೆರಳು ಒತ್ತಿರುವವರೆಗೂ ಅದು ಸುತ್ತುತ್ತಲೇ ಇರುತ್ತದೆ. ಅದಕ್ಕೆ ಲೂಪ್ ಅನ್ನುತ್ತಾರೆ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಲೂಪಿಗೆ ಸಿಕ್ಕದೆ ಉಳಿದ ಸದ್ದೇ ಇರಲಿಲ್ಲ.

"ಇದೇನೋ ಇದು, ಕುಕ್ಕರ್ ಇಳಿಸಿ ಎಷ್ಟೊತ್ತಾಯ್ತು, ಇನ್ನೂ ಕೂಗ್ತಾನೇ ಅದೆ" ಎಂದು ಅಮ್ಮ ಅಡುಗೆಮನೆಯಿಂದ ಬೈಯುತ್ತಿದ್ದಳು.

ಆಗ ನನ್ನ ತಂಗಿಯ ಮದುವೆ ಗೊತ್ತಾಯಿತು. ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಅಪ್ಪ, ಸಾರು ಬಡಿಸು ಅಂದಷ್ಟೇ ಸಲೀಸಾಗಿ, "ಧಾರೆಗೆ ನನ್ನ ತಮ್ಮ, ಅವನ ಹೆಂಡ್ತಿ ಕೂತ್ಕೊಳ್ಳಿ. ನಾನು ಶ್ರುತಿ ಊದ್ಬೇಕಲ್ಲ" ಅಂದರು.

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಏನ್ರೀ, ತಲೆ ಸರಿಯಾಗಿದ್ಯಾ ನಿಮ್ಗೆ? ಹೆತ್ತಪ್ಪ ಇದ್ದೂ ಚಿಕ್ಕಪ್ಪ ಧಾರೆ ಎರೀಬೇಕಾ?"

ಅಪ್ಪನ ಲೆಕ್ಕಾಚಾರ ಬೇರೆ ಇತ್ತು. ಅವರ ಜೊತೆಯ ನಾಗಸ್ವರದವರು ಅಪ್ಪನ ಉಸಿರಿಲ್ಲದೆ ಒಂದು ಮುಹೂರ್ತಕ್ಕೂ ಊದಿದವರಲ್ಲ. ಶ್ರುತಿ ಊದುವ ಬೇರೆಯವರೆಲ್ಲ ಆ ಕೆಲಸ ಬಿಟ್ಟು ಏನೇನೋ ಹಿಡಿದಿದ್ದರು. ಅಂಗಡಿಯಲ್ಲಿ ಸಿಗುವ ಕರೆಂಟಿನ ಶ್ರುತಿಪೆಟ್ಟಿಗೆ ಕಂಡರೆ ಆ ನಾಗಸ್ವರದವರು ಮುಖ ಸಿಂಡರಿಸುತ್ತಿದ್ದರು. ನನ್ನ ಮಗಳ ಮದುವೆಗೆ ಗೆಳೆಯ ಶ್ರುತಿಯಿಲ್ಲದೆ ಬೋಳು ಬೋಳಾಗಿ ಊದಬೇಕೆ ಅನ್ನುವುದು ಅಪ್ಪನ ಸಂಕಟ. ತಂಗಿಗೆ ಇದ್ಯಾವುದೂ ಬೇಕಿರಲಿಲ್ಲ. "ನೀವು ಕೂತ್ಕೊಳ್ದೆ ಇದ್ರೆ ನಂಗೆ ಈ ಮದ್ವೇನೇ ಬೇಡಪ್ಪ" ಎಂದು ತಟ್ಟೆ ಬಿಟ್ಟು ಎದ್ದು ಹೋದಳು. ಒಳಗೆ ಅವಳು ಅಳುವುದು ಕೇಳುತ್ತಿದ್ದರೂ ಅಪ್ಪ ತುತ್ತು ಕಲಸುತ್ತಲೇ ಇದ್ದರು. ಬಾಯಿಗೆ ಮಾತ್ರ ಇಡಲಿಲ್ಲ.

ಆ ಭಾನುವಾರ ಮೈಕು ಅಪ್ಪನ ಮುಂದೆ ಇಟ್ಟೆ. "ಊದಿ. ನೀವು ಧಾರೆಗೆ ಕೂತಾಗ ನಿಮ್ಮ ಉಸಿರನ್ನ ನಾನು ಊದಿಸ್ತೀನಿ."

"ಹೋಗೋ, ಮಂಗನಾಟ" ಅಂದರು. ಆದರೂ ವಾದ್ಯದ ತುದಿಯ ಪೀಪಿ ಬಾಯಿಗಿಟ್ಟುಕೊಂಡರು. ಸ್ಯಾಂಪ್ಲರಿನ ಹೊಟ್ಟೆ ತುಂಬಿ ದೀಪ ಆರಿತು. ಸಾಕು ಅಂದೆ. ಅಪ್ಪನ ಕಣ್ಣು ಮುಚ್ಚಿತ್ತು, ಊದುತ್ತಲೇ ಇದ್ದರು. ಭುಜ ಅಲ್ಲಾಡಿಸಿದಾಗ ಎಚ್ಚೆತ್ತು, "ಈಗ ತಾನೇ ಶುರು ಮಾಡಿದ್ದು ಕಣೋ" ಎಂದು ರೇಗಿದರು. ಮುಹೂರ್ತ ಮುಗಿಯುವವರೆಗೂ ನಿಲ್ಲಿಸದೆ ಊದುವವರಿಗೆ ನಾಲ್ಕು ಸೆಕೆಂಡು ಅಂದರೆ ಏನು ಹೇಳಿ.

ಮೊದಲ ಲೂಪ್ ಕೆಟ್ಟದಾಗಿತ್ತು. ಸೇರಿಸಿದ ಜಾಗ ಬಂದಾಗಲೆಲ್ಲ ಟಕ್ ಅನ್ನುತ್ತಿತ್ತು. ತಂಗಿ ಬಾಗಿಲಿಗೊರಗಿ ಕೇಳಿ, "ಅಪ್ಪಂಗೆ ಬಿಕ್ಕಳಿಕೆ ಬಂದಂಗಿದೆ" ಅಂದಳು. ಕತ್ತರಿಸುವ ಜಾಗವನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಟಕ್ಕನ್ನು ಓಡಿಸಿದೆ. ಆಮೇಲೂ ಅದು ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಒಂದೇ ಉಬ್ಬು, ಒಂದೇ ತಗ್ಗು, ಮತ್ತೆ ಅದೇ ಉಬ್ಬು. ಮನುಷ್ಯರು ಹಾಗೆ ಉಸಿರಾಡುವುದಿಲ್ಲ.

ಉಪಾಯ ಹೊಳೆದದ್ದು ಮುಂದಿನ ಭಾನುವಾರ ಬೆಳಿಗ್ಗೆ, ನಮ್ಮ ಆರ್ಕೆಸ್ಟ್ರಾದವರು ಪ್ರಾಕ್ಟೀಸ್ ಮಾಡುವ ಹಾಲಿನಲ್ಲಿ. ಅಲ್ಲಿನ ಎರಡು ಫ್ಯಾನುಗಳ ವೇಗ ಒಂದೇ ಇರಲಿಲ್ಲ. ಅವುಗಳ ಗುಂಯ್ ಒಮ್ಮೆ ಸೇರಿ ದಪ್ಪವಾಗುತ್ತಿತ್ತು, ಒಮ್ಮೆ ಜಾರಿ ತೆಳ್ಳಗಾಗುತ್ತಿತ್ತು. ಮನೆಗೆ ಬಂದವನೇ ಅಪ್ಪನ ಸ್ವರವನ್ನು ಮೂರು ಲೂಪ್ ಮಾಡಿ ಒಂದರ ಮೇಲೊಂದು ಹಾಕಿದೆ. ಒಂದಕ್ಕಿಂತ ಒಂದು ಎಳ್ಳಷ್ಟು ಉದ್ದ. ಮೂರೂ ಒಟ್ಟಿಗೆ ಹೊರಟವು, ಮೆಲ್ಲಗೆ ಒಂದನ್ನೊಂದು ಬಿಟ್ಟು ಸರಿಯತೊಡಗಿದವು. ಒಂದರ ಕೊನೆ ಇನ್ನೊಂದರ ನಡುವಿನಲ್ಲಿ ಮುಚ್ಚಿಹೋಯಿತು. ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಬಂದ ದಾರಿಯಲ್ಲೇ ಮತ್ತೆ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಕೀ ಮೇಲೆ ಒಂದು ಬ್ಯಾಟರಿ ಸೆಲ್ ಇಟ್ಟು ಚಾಪೆಯ ಮೇಲೆ ಮಲಗಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ತೂಕಡಿಸಿದಳು. ಹೆಂಚಿನ ಗಾಜಿನಿಂದ ಬಿದ್ದ ಬಿಸಿಲು ನೆಲದ ಮೇಲೆ ಸರಿದು ಗೋಡೆ ಹತ್ತಿತು. ಅಪ್ಪ ಮನೆಯಲ್ಲಿರಲಿಲ್ಲ, ಆದರೂ ಮನೆ ತುಂಬ ಅವರ ಉಸಿರಿತ್ತು. ನಿದ್ದೆಯೋ ಎಚ್ಚರವೋ ತಿಳಿಯದಂತೆ ಬಿದ್ದುಕೊಂಡಿದ್ದೆ. ಅಷ್ಟು ಹತ್ತಿರದಿಂದ ಅಪ್ಪನನ್ನು ನಾನು ಯಾವತ್ತೂ ಕೇಳಿರಲಿಲ್ಲ, ಯಾಕೋ ಅಳು ಬಂತು.

ನಾಗಸ್ವರದವರನ್ನು ಮನೆಗೆ ಕರೆಸಿದೆ. ಅವರು ವಾದ್ಯ ತಂದಿರಲಿಲ್ಲ, ಬರಿಗೈಯಲ್ಲೇ ಬಂದು ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ತೊಡೆ ತಟ್ಟುತ್ತಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇದು ನೀನೇ ಕಣಯ್ಯ. ಸುಮ್ನೆ ಹೋಗಿ ಮಗಳ ಧಾರೆಗೆ ಕೂತ್ಕೊ. ನಾನು ಊದ್ತೀನಿ" ಅಂದರು. ಅಪ್ಪ ಮಾರನೇ ದಿನ ಹೋಗಿ ಧಾರೆಗೆ ಉಡಲು ಪಂಚೆ ತಂದುಕೊಂಡರು. ತಂಗಿ ಅದನ್ನು ಮಡಿಕೆ ಬಿಚ್ಚಿ ಬಿಚ್ಚಿ ನೋಡಿದಳು.

ಮದುವೆಯ ದಿನ ಛತ್ರದಲ್ಲಿ ನಾನು ವಾಲಗದವರ ಜಮಖಾನದ ಮೇಲೆ, ಅಪ್ಪನ ಜಾಗದಲ್ಲಿ, ಸ್ಯಾಂಪ್ಲರ್ ಇಟ್ಟುಕೊಂಡು ಕೂತೆ. ಕೀ ಒತ್ತಿದೆ. ಮೂರು ಲೂಪುಗಳು ಹೊರಟವು. ನಾಗಸ್ವರದವರು ಒಂದು ಗಳಿಗೆ ಕಿವಿಗೊಟ್ಟು, ಪೀಪಿ ಒದ್ದೆ ಮಾಡಿಕೊಂಡು, ಶುರು ಮಾಡಿದರು. ಮಂಟಪದಲ್ಲಿ ತಂಗಿಯ ಕೈ ಗಂಡಿನ ಕೈಯಲ್ಲಿ, ಮೇಲೆ ತೆಂಗಿನಕಾಯಿ. ಅಪ್ಪ ಚೊಂಬು ಎತ್ತಿದರು. ಎತ್ತಿದ ಚೊಂಬು ಹಾಗೇ ನಿಂತಿತು. ಅವರ ಕತ್ತು ನಮ್ಮ ಕಡೆ ತಿರುಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಸ್ಯಾಂಪ್ಲರಿನ ಕಡೆ ಬಗ್ಗಿದೆ. ಎಲ್ಲೋ ಟಕ್ ಅಂದಿರಬೇಕು, ಅಪ್ಪನ ಕಿವಿಗೆ ಬಿದ್ದಿರಬೇಕು.

"ಎರೀರಿ ಸ್ವಾಮಿ" ಎಂದು ಪುರೋಹಿತರು ಎಚ್ಚರಿಸಿದರು. ಅಪ್ಪ ಎರೆದರು. ನೀರು ಬೀಳುತ್ತಿದ್ದಷ್ಟು ಹೊತ್ತೂ ಅವರ ಕಣ್ಣಿಂದಲೂ ಸುರಿಯುತ್ತಿತ್ತು. ಮಗಳನ್ನು ಕೊಡುವ ದುಃಖ ಎಂದು ಹೆಂಗಸರೆಲ್ಲ ಸೆರಗು ಕಣ್ಣಿಗಿಟ್ಟುಕೊಂಡರು.

ಹೆಣ್ಣನ್ನು ಕಳಿಸಿಕೊಟ್ಟ ಮೇಲೆ ಅಪ್ಪ ಛತ್ರದ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಹೊಗಳಿಸಿಕೊಳ್ಳುವ ಆಸೆ, ಸುಳ್ಳು ಯಾಕೆ ಹೇಳಲಿ. "ಶ್ರುತಿ ಸರಿಯಾಗಿತ್ತಾ ಅಪ್ಪ?"

"ಶ್ರುತಿ ನಾನು ಕೇಳಿಸ್ಕೊಳ್ಳೇ ಇಲ್ಲ ಕಣೋ" ಅಂದರು.

ನನಗೆ ಸಿಟ್ಟು ಬಂತು. ಅಷ್ಟು ದಿನ ಒದ್ದಾಡಿದ್ದು ಯಾರಿಗಾಗಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರೇ ಮಾತಾಡಿದರು.

"ಪೀಪಿ ಬಾಯಲ್ಲಿದ್ರೆ ಹಲ್ಲು, ದವಡೆ, ತಲೆ ತುಂಬ ಅದೊಂದೇ ಸದ್ದು. ಹೊರಗಿಂದು ಏನೂ ನೆಟ್ಟಗೆ ಕೇಳಲ್ಲ. ನಾಗಸ್ವರದವನು ಊದ್ದಾಗ್ಲೆಲ್ಲ ನಾನೂ ಊದ್ತಿದ್ನಲ್ಲ." ಟವಲಿನಿಂದ ಮುಖ ಒರೆಸಿಕೊಂಡರು. "ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಅವನು ಊದೋದನ್ನ ನಾನು ಕೇಳಿದ್ದು ಇವತ್ತೇ ಕಣೋ. ಎಷ್ಟು ಚೆನ್ನಾಗಿ ಊದ್ತಾನೆ."