ಲೆನ್ಸಿಗೆ ಏರಿಸಿದ ಕುಂಕುಮ

ಹುಬ್ಬಳ್ಳಿಯಲ್ಲಿ ನಾನು ಹೋಗುತ್ತಿದ್ದ ಕ್ಯಾಮೆರಾ ರಿಪೇರಿಯವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಲೆನ್ಸಿನ ಮುಖ ನೋಡುತ್ತಿದ್ದರು. ಆಮೇಲೆ ನಿಂಬೆಹಣ್ಣಿನಷ್ಟಿದ್ದ ರಬ್ಬರ್ ಬ್ಲೋವರನ್ನು ಪುಸ್ ಪುಸ್ ಎಂದು ಒತ್ತಿ, "ಮದ್ಲ ಊದ್ರಿ, ಆಮ್ಯಾಲ ಒರಸ್ರಿ" ಎನ್ನುತ್ತಿದ್ದರು. ಧೂಳಿದ್ದಾಗಲೇ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ ಎಂಬುದು ಅವರ ಸಿದ್ಧಾಂತ.

ಯಾವ ಹೊಸ ಲೆನ್ಸ್ ಕೊಳ್ಳಲಿ ಎಂದು ಕೇಳಿದಾಗಲೂ ಅದೇ ಉತ್ತರ: "ಹೊಸಾದು ಯಾಕ್ರಿ? ಇದ್ದದ್ದನ್ನ ಮದ್ಲ ಊದ್ರಿ." ಊದಿದೆ. ನನ್ನ ಫೋಟೋಗಳಲ್ಲಿ ಬೆಳಗಿನ ಮಂಜು ಎಂದು ನಾನು ಹೆಮ್ಮೆಪಡುತ್ತಿದ್ದದ್ದೆಲ್ಲ ಅಂದೇ ಹಾರಿಹೋಯಿತು.

ಆಯುಧಪೂಜೆ ಮುಗಿದರೆ ಅವರ ಅಂಗಡಿ ತುಂಬುತ್ತಿತ್ತು. ಊರಿನ ಕ್ಯಾಮೆರಾಗಳೆಲ್ಲ ಕುಂಕುಮ ತಿಂದು ಕರಕರ ಎನ್ನುತ್ತಿದ್ದವು. "ಕುಂಕುಮಾ ಚೀಲಕ್ಕ ಹಚ್ರಿ, ದೇವರೇನು ಸಿಟ್ಟಾಗೂದಿಲ್ಲ" ಎಂದು ಎಲ್ಲರಿಗೂ ಬೈಯುತ್ತಿದ್ದರು.

ಒಂದು ದಸರೆಗೆ ಹೊಸ ಬಿಳಿ ಅಂಗಿ ತೊಟ್ಟು ಅವರಿಗೆ ಬನ್ನಿ ಕೊಡಲು ಹೋದೆ. ತಮ್ಮದೇ ಕ್ಯಾಮೆರಾದ ಲೆನ್ಸನ್ನು ಧೋತರದ ಚುಂಗಿನಿಂದ ಗಸಗಸ ತಿಕ್ಕುತ್ತ ಕೂತಿದ್ದರು.

"ಮನ್ಯಾಕಿ ಕುಂಕುಮಾ ಏರಿಸ್ಯಾಳ್ರಿ, ಗಾಜಿನ ಮ್ಯಾಲನ!"

ನಾನು ಬ್ಲೋವರ್ ಎತ್ತಿಕೊಟ್ಟು, "ಮದ್ಲ ಊದ್ರಿ" ಎಂದೆ.

ಅವರು ನನ್ನನ್ನು ದುರುಗುಟ್ಟಿ ನೋಡಿ ಊದಿದರು. ಉಳಿದ ಕುಂಕುಮವೆಲ್ಲ ನನ್ನ ಅಂಗಿಗೆ ಬಂತು. ನಾನು ಗಡಬಡಿಸಿ ಕರವಸ್ತ್ರ ತೆಗೆದೆ.

"ತಡೀರಿ, ಒರಸಬ್ಯಾಡ್ರಿ!" ಎಂದು ಅವರು ಬ್ಲೋವರನ್ನು ನನ್ನ ಎದೆಗೆ ಗುರಿ ಹಿಡಿದರು.